ಕೇಳಲು ಬಂದವರಿಗೆ ಕುರ್ಚಿ

ವಾತುಲಿಂಗೀರ್ ಕೇರಿಗೆ ಕೇಳಲು ಬರುವವರು ಮಳೆಗಾಲ ಕಳೆದ ಮೇಲೆಯೇ ಬರುತ್ತಾರೆ. ಮಳೆಯಲ್ಲಿ ಸುಣ್ಣಕಲ್ಲಿನ ಏರುದಾರಿ ಜಾರುತ್ತದೆ; ಬೂಟು ಹಾಕಿದವರಿಗೆ ಅದು ಒಗ್ಗುವುದಿಲ್ಲ. ಒಂದು ವರ್ಷ ಬಂದವರು ತಾವು ಮಾಡುವುದು ಗಣತಿ ಎಂದರು. ಮರುವರ್ಷದವರು ಸಮೀಕ್ಷೆ ಎಂದರು. ವಿಶ್ವವಿದ್ಯಾಲಯದಿಂದ ಬಂದು ಹನ್ನೆರಡು ದಿನ ಬಾವಿಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಹುಡುಗಿಯರದು ಅಧ್ಯಯನವಾಗಿತ್ತು. ಅದಾದ ಮೇಲೆ ಪರಿಶೀಲನೆಯವರು ಬಂದರು, ಅವರು ಬಿಟ್ಟುಹೋದದ್ದನ್ನು ಹುಡುಕಿಕೊಂಡು ಮರುಪರಿಶೀಲನೆಯವರು ಬಂದರು.

ಪೊನಿರಾ ಅಜ್ಜಿಗೆ ಈ ಹೆಸರುಗಳ ನಡುವಿನ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅವಳ ಪಾಲಿಗೆ ಅವರೆಲ್ಲ ಕೇಳಲು ಬಂದವರು. ಕೇಳಲು ಬಂದವರು ಎಂದರೆ ಅತಿಥಿಗಳು. ಅತಿಥಿ ಬಂದರೆ ಮಲ್ಲಿಗೆ ಹಾಕಿದ ಸಿಹಿ ಚಹಾ ಕೊಡಬೇಕು, ಅವರು ಏನು ಕೇಳಿದರೂ ಅವರ ಮುಖ ಸಣ್ಣದಾಗದ ಹಾಗೆ ಉತ್ತರ ಹೇಳಬೇಕು. ಅವಳ ತಾಯಿ ಹಾಗೆ ಮಾಡಿದ್ದಳು, ತಾಯಿಯ ತಾಯಿಯೂ ಹಾಗೆ ಮಾಡಿದ್ದಿರಬೇಕು.

ಎರಡು ವರ್ಷದ ಹಿಂದೆ ಬಂದವನು ಬೆವರು ಒರೆಸಿಕೊಳ್ಳುತ್ತ, "ಅಜ್ಜಿ, ಊಟಕ್ಕೆ ಅಕ್ಕಿ ಸಾಲುತ್ತಾ?" ಎಂದು ಕೇಳಿದ್ದ. ಅವನ ಕೈಯಲ್ಲಿ ಅವಳದೇ ಮನೆಯ ಚಹಾ ಇತ್ತು. ಸಾಲುವುದಿಲ್ಲ ಎಂದರೆ, ಈ ಚಹಾದ ಸಕ್ಕರೆಯನ್ನೂ ಕಷ್ಟದಿಂದ ಹಾಕಿದ್ದೇನೆ ಎಂದ ಹಾಗಾಗುತ್ತದೆ. ಕುಡಿಯುವವನ ಗಂಟಲಲ್ಲಿ ಅದು ಇಳಿಯುವುದು ಹೇಗೆ? "ಸಾಕಷ್ಟಿದೆಯಪ್ಪ" ಎಂದಳು. ಅವನು ಬರೆದುಕೊಂಡ. ಮೂರು ತಿಂಗಳಾದ ಮೇಲೆ, ತಿಂಗಳಿಗೊಮ್ಮೆ ಬರುತ್ತಿದ್ದ ಹತ್ತು ಕಿಲೋ ಅಕ್ಕಿಯ ಚೀಲ ನಿಂತುಹೋಯಿತು.

ಆವತ್ತಿನಿಂದ ಅವಳು ಮರಗೆಣಸನ್ನು ಒಣಗಿಸಿ, ಕುಟ್ಟಿ, ಹಿಟ್ಟು ಮಾಡಿ, ಹಬೆಯಲ್ಲಿ ಬೇಯಿಸಿದ ತಿವುಲ್ ತಿಂದುಕೊಂಡಿದ್ದಳು. ಕೇರಿಗೆ ಇದು ಗೊತ್ತಿಲ್ಲದ್ದಲ್ಲ. ತಲೆಯ ಮೇಲೆ ತರಕಾರಿ ಬುಟ್ಟಿ ಹೊತ್ತು ಮನೆಮನೆಗೆ ಹೋಗುವ ಸಾರ್ನಿಗೆ ಎಲ್ಲವೂ ಗೊತ್ತಿತ್ತು. ಸಾರ್ನಿ ಯಾರನ್ನೂ ಏನನ್ನೂ ಕೇಳುವವಳಲ್ಲ. ಯಾವ ಸೂರಿನಿಂದ ಎಷ್ಟು ಹೊತ್ತಿಗೆ ಹೊಗೆ ಎದ್ದಿತು, ಅದರಲ್ಲಿ ಅನ್ನದ ಗಂಜಿಯ ವಾಸನೆ ಇತ್ತೇ ಗೆಣಸಿನದಿತ್ತೇ, ಯಾರು ಸೋಯಾ ಕಾಳಿನ ಟೆಂಪೆಯ ಅಚ್ಚನ್ನು ಅರ್ಧ ಮಾಡಿಕೊಡು ಎಂದರು, ಇಷ್ಟು ಸಾಕು ಅವಳಿಗೆ. ಗೊತ್ತಾದ ಮೇಲೆ ಬಾಗಿಲಲ್ಲಿ ಎರಡು ಕಟ್ಟು ಸೊಪ್ಪು ಇಳಿಸಿ, "ಬಾಡಿಹೋಗ್ತಿದೆ ಅಜ್ಜಿ, ನಿಮ್ಮ ಕೋಳಿಗಾದ್ರೂ ಹಾಕಿ" ಎಂದು ಹೋಗುತ್ತಿದ್ದಳು. ಸೊಪ್ಪು ಬಾಡಿರುತ್ತಿರಲಿಲ್ಲ. ಇದನ್ನು ಇಬ್ಬರೂ ಹೇಳುತ್ತಿರಲಿಲ್ಲ.

ಈ ವರ್ಷ ಜೋಳ ಮುರಿದು ಮುಗಿದ ವಾರ ಕೇರಿಯ ಮುಖಂಡ ತುಕಿಜಾನ್ ಮೋಟಾರ್‌ಬೈಕಿನಲ್ಲಿ ಬಂದು ಅಜ್ಜಿಯ ಅಂಗಳದ ಹಲಸಿನ ಮರದ ಕೆಳಗೆ ಇಳಿದ.

"ಅಜ್ಜಿ, ಬರೋ ಗುರುವಾರ ಕೇಳೋಕೆ ಬರ್ತಾರೆ. ಈ ಸಲ ಹೆಸರು ಸೇರಿಲ್ಲ ಅಂದ್ರೆ ಮೂರು ವರ್ಷ ಪಟ್ಟಿ ತೆಗೆಯಲ್ಲ. ಬಾಯಿಬಿಟ್ಟು ಹೇಳ್ಬೇಕು ಈ ಸಲ."

"ಹೇಳ್ತೀನಿ ಬಿಡು."

"ಏನಂತ ಹೇಳ್ತೀರಾ? ನಾನೇ ಆಫೀಸಿನವನು ಅನ್ಕೊಳ್ಳಿ." ತುಕಿಜಾನ್ ಜಗಲಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು ಗಂಟಲು ಸರಿಮಾಡಿಕೊಂಡ. "ಅಜ್ಜಿಯವರೇ, ಮನೆಯಲ್ಲಿ ಅಕ್ಕಿ ಸಾಲುತ್ತದೆಯೇ?"

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಸಾಕಷ್ಟಿದೆಯಪ್ಪ."

"ನೋಡಿ. ನಾನು ತುಕಿಜಾನ್ ಅಜ್ಜಿ. ನಿಮ್ಮ ಕೈಲೇ ಹೊಕ್ಕುಳಬಳ್ಳಿ ಕೊಯ್ಸಿಕೊಂಡವನು. ನನಗೇ ಇಲ್ಲ ಅನ್ನೋಕೆ ಬರಲ್ವಲ್ಲ ನಿಮಗೆ."

"ನೀನು ಅಷ್ಟು ಗಂಭೀರವಾಗಿ ಕೇಳಿದ್ರೆ ಹೇಗಪ್ಪ ಇಲ್ಲ ಅನ್ಲಿ? ಕಲಿತ್ಕೋತೀನಿ. ಇನ್ನೂ ಆರು ದಿನ ಇದೆಯಲ್ಲ."

ಆರು ದಿನ ಅವಳು ನಿಜವಾಗಿಯೂ ಅಭ್ಯಾಸ ಮಾಡಿದಳು. ಮನುಷ್ಯರ ಎದುರು ಆಗದು ಎಂದು ಮೊದಲು ಕೋಳಿಯ ಎದುರು. ಒಂದೇ ಕೋಳಿ, ಕಂದು ಬಣ್ಣದ್ದು, ದಿನ ಬಿಟ್ಟು ದಿನ ಮೊಟ್ಟೆ ಇಡುವಂಥದ್ದು. "ಅಕ್ಕಿ ಇದೆಯಾ ಅಂತ ಕೇಳ್ತೀಯಾ? ಇಲ್ಲ" ಎಂದಳು. ಕೋಳಿ ಕತ್ತು ಓರೆ ಮಾಡಿ ನೋಡಿತು. ಎರಡನೆಯ ದಿನ ಸ್ವಲ್ಪ ಗಟ್ಟಿಯಾಗಿ ಬಂತು. ನಾಲ್ಕನೆಯ ದಿನ ನೀರಿನ ಗುಡಾಣಕ್ಕೆ, ಒಲೆಗೆ, ಬಿದಿರು ತಟ್ಟಿಯ ಗೋಡೆಗೆ ಇಲ್ಲ ಎಂದಳು. ಬುಧವಾರದ ಹೊತ್ತಿಗೆ, ಇಷ್ಟು ವರ್ಷ ಈ ಮಾತನ್ನು ಯಾಕೆ ಅಷ್ಟು ದೊಡ್ಡದು ಮಾಡಿಕೊಂಡೆನೋ ಎಂದು ಅವಳಿಗೇ ಅನ್ನಿಸತೊಡಗಿತ್ತು.

ಗುರುವಾರ ಬೆಳಿಗ್ಗೆ ಅವಳು ಮಣ್ಣಿನ ನೆಲಕ್ಕೆ ನೀರು ಚಿಮುಕಿಸಿ ಗುಡಿಸುತ್ತಿದ್ದಾಗ ಅಂಗಡಿಯ ಲಾಸ್ಮಿನಿ ಬಂದಳು. ಕೇರಿಯ ಏಕೈಕ ಅಂಗಡಿ ಅವಳದು; ಅಕ್ಕಿ, ಎಣ್ಣೆ, ಸೋಪು, ಗ್ಯಾಸ್ ಎಲ್ಲ ಅಲ್ಲೇ. ಅವಳ ಹಿಂದೆ ಅವಳ ಗಂಡ ಎರಡೂ ಕೈಯಲ್ಲಿ ಎರಡೆರಡು ಕುರ್ಚಿ ಹಿಡಿದು ನಿಂತಿದ್ದ.

"ಏನೇ ಇದು ಲಾಸ್ಮಿನಿ?"

"ಅತಿಥಿ ಬರ್ತಾರಲ್ಲ ಅಜ್ಜಿ. ನೆಲದ ಮೇಲೆ ಕೂರಿಸ್ತೀರಾ? ನಾಳೆ ಆಫೀಸಿನಲ್ಲಿ ಏನಂತಾರೆ? ವಾತುಲಿಂಗೀರ್‌ನೋರಿಗೆ ಬಂದವರನ್ನ ಕೂರಿಸೋಕೂ ಗೊತ್ತಿಲ್ಲ ಅಂತಾರೆ."

ಅಜ್ಜಿ ಪೊರಕೆ ಹಿಡಿದು ಪಕ್ಕಕ್ಕೆ ಸರಿದಳು. ಕೋಳಿಯ ಎದುರು ಈ ಪ್ರಶ್ನೆಯ ಅಭ್ಯಾಸ ಆಗಿರಲಿಲ್ಲ. ಕುರ್ಚಿಗಳು ಒಳಗೆ ಬಂದವು. ಬೆಟ್ಟ ಹತ್ತಿ ಬೆವರಿದವರಿಗೆ ಗಾಳಿ ಬೇಡವೇ ಎಂದು ನಿಲ್ಲಿಸುವ ಫ್ಯಾನೂ ಬಂತು. ಅಜ್ಜಿಯ ಮನೆಯ ಒಂದೇ ಒಂದು ಬಲ್ಬು ಲಾಸ್ಮಿನಿಯ ಮನೆಯಿಂದ ಎಳೆದ ವೈರಿನಲ್ಲೇ ಉರಿಯುತ್ತಿದ್ದುದರಿಂದ ಫ್ಯಾನಿಗೂ ತೊಂದರೆಯಾಗಲಿಲ್ಲ. ಊಟದ ಹೊತ್ತಾಗಿಬಿಟ್ಟರೆ ಎಂದು ಲಾಸ್ಮಿನಿ ತನ್ನ ರೈಸ್ ಕುಕ್ಕರನ್ನು ಅನ್ನದ ಸಮೇತ ತಂದಿಟ್ಟಳು. ಸಾರ್ನಿ ತನ್ನ ಮದುವೆಯಲ್ಲಿ ಬಂದ, ಹೂವಿನ ಚಿತ್ರದ ಆರು ಗಾಜಿನ ಲೋಟಗಳನ್ನು ಹುಲ್ಲಿನಲ್ಲಿ ಸುತ್ತಿಕೊಂಡು ತಂದಳು. ಇದನ್ನೆಲ್ಲ ನೋಡಿ ತಡೆಯಬಲ್ಲವನೆಂದರೆ ತುಕಿಜಾನ್ ಒಬ್ಬನೇ. ಅವನು ಬಂದು, ಸೊಂಟದ ಮೇಲೆ ಕೈಯಿಟ್ಟು, ಒಳಗೆಲ್ಲ ಕಣ್ಣಾಡಿಸಿದ.

"ನಾಲ್ಕೇ ಕುರ್ಚೀನಾ? ಅವರ ಜೊತೆ ಪಂಚಾಯ್ತಿ ಕಚೇರಿಯವರೂ ಬಂದ್ರೆ?" ಎಂದು ಮನೆಗೆ ಹೋಗಿ ಇನ್ನೆರಡು ತಂದ. ತರುವಾಗ ಮೋಟಾರ್‌ಬೈಕಿನಲ್ಲೇ ತಂದ, ಬಿಸಿಲು ಬೀಳದಿರಲಿ ಎಂದು ಅದನ್ನು ಹಲಸಿನ ಮರದ ಕೆಳಗೇ ನಿಲ್ಲಿಸಿದ.

ಹತ್ತೂವರೆಗೆ ಅನಿಂದ್ಯಾ ಎಂಬ ಹುಡುಗಿ ಬಂದಳು. ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬಹುದು. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್. ತೋಳು ಎಷ್ಟು ಸಣ್ಣಗಿತ್ತೆಂದರೆ ಅಜ್ಜಿಗೆ ಮೊದಲು ಬಂದ ಯೋಚನೆ, ಈ ಮಗುವಿಗೆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಹಾಕುವುದಿಲ್ಲವೇನೋ ಎಂದು. ಆವತ್ತಿನ ಮೊಟ್ಟೆ ಬೇಯಿಸಿ, ಅನ್ನದ ಮೇಲಿಟ್ಟು ಕೊಟ್ಟಳು. ಹುಡುಗಿ ಎರಡು ಸಲ ಬೇಡ ಎಂದು ಮೂರನೆಯ ಸಲಕ್ಕೆ ತಿಂದಳು. ಅವಳೂ ಆ ಸೀಮೆಯವಳೇ, ಮೊದಲ ಸಲಕ್ಕೇ ಹೂಂ ಎನ್ನಬಾರದೆಂದು ಗೊತ್ತಿತ್ತು.

ಅನಿಂದ್ಯಾಗೆ ಪಟ್ಟಣದ ಹೋಟೆಲೊಂದರಲ್ಲಿ ಮೂರು ದಿನ ತರಬೇತಿ ಆಗಿತ್ತು. ಅಲ್ಲಿ ದೊಡ್ಡ ಅಧಿಕಾರಿಯೊಬ್ಬರು ಪರದೆಯ ಮೇಲೆ ಕೆಂಪಕ್ಷರದಲ್ಲಿ ತೋರಿಸಿದ್ದರು: ಹಳ್ಳಿಯವರು ಸಹಾಯಕ್ಕಾಗಿ ಬಡತನ ಹೇಳಿಕೊಳ್ಳುತ್ತಾರೆ, ಕಿವಿಯನ್ನು ನಂಬಬೇಡಿ, ಕಣ್ಣನ್ನು ನಂಬಿ. ಅವಳ ಟ್ಯಾಬಿನಲ್ಲಿ ಮೂವತ್ತೊಂಬತ್ತು ಪ್ರಶ್ನೆಗಳಿದ್ದವು. ಅವುಗಳಲ್ಲಿ ಇಪ್ಪತ್ತೆಂಟನ್ನು ಕೇಳುವ ಹಾಗಿರಲಿಲ್ಲ, ನೋಡಿ ತುಂಬಬೇಕಿತ್ತು. ಅವಳು ನೋಡಿದಳು. ಕುರ್ಚಿ ಆರು. ಫ್ಯಾನು ಒಂದು. ಕುಕ್ಕರು ಒಂದು. ಗಾಜಿನ ಲೋಟ ಆರು. ಅಂಗಳದ ಮೋಟಾರ್‌ಬೈಕನ್ನು ಮನೆಯ ಗೋಡೆಯೂ ಸೇರುವ ಹಾಗೆ ಎರಡು ಫೋಟೋ ತೆಗೆದಳು.

"ಮನೇಲಿ ಒಬ್ಬರೇನಾ ಅಜ್ಜಿ?"

"ಒಬ್ಬಳೇ ಮಗಳೇ."

"ಒಬ್ಬರಿಗೆ ಆರು ಕುರ್ಚಿ." ಅವಳು ಇದನ್ನು ತನಗೇ ಹೇಳಿಕೊಂಡಳು.

ಅಜ್ಜಿ ಬಾಗಿಲತ್ತ ನೋಡಿದಳು. ಬಾಗಿಲಲ್ಲಿ ಲಾಸ್ಮಿನಿ, ಅವಳ ಹಿಂದೆ ಸಾರ್ನಿ, ಅಂಗಳದಲ್ಲಿ ತುಕಿಜಾನ್. ಎರವಲು ತಂದ ವಸ್ತುವನ್ನು ಅತಿಥಿಯ ಎದುರು ಎರವಲು ಎನ್ನುವುದು ಕೊಟ್ಟವರ ಮುಖಕ್ಕೆ ಉಗುಳಿದ ಹಾಗೆ. ಯಾರೂ ಹಾಗೆ ಮಾಡಿದ್ದನ್ನು ಅವಳು ತನ್ನ ಎಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ. ಆದ್ದರಿಂದ ಕುರ್ಚಿಯ ವಿಷಯಕ್ಕೆ ಅವಳು ಸುಮ್ಮನಿದ್ದಳು. ತಾನು ಅಭ್ಯಾಸ ಮಾಡಿದ ಪ್ರಶ್ನೆ ಬರುವುದನ್ನೇ ಕಾದಳು. ಮೂವತ್ತನೆಯದೋ ಏನೋ ಆಗಿ ಅದು ಬಂತು.

"ಅಕ್ಕಿ ಸಾಲುತ್ತಾ ಅಜ್ಜಿ?"

ಪೊನಿರಾ ಅಜ್ಜಿ ಎರಡೂ ಕೈಯನ್ನು ತೊಡೆಯ ನಡುವೆ ಒತ್ತಿ ಹಿಡಿದಳು. ಕಂದು ಕೋಳಿಯನ್ನು ನೆನೆದಳು.

"ಇಲ್ಲ" ಎಂದಳು.

ಅಂಗಳದಲ್ಲಿ ತುಕಿಜಾನ್ ಉಸಿರು ಬಿಟ್ಟದ್ದು ಒಳಗೆ ಕೇಳಿಸಿತು. ಜೀವಮಾನದಲ್ಲಿ ಮೊದಲ ಸಲ ಅತಿಥಿಯೊಬ್ಬರಿಗೆ ಇಲ್ಲ ಎಂದಿದ್ದಳು; ಮನೆ ಬೀಳಲಿಲ್ಲ, ಹುಡುಗಿಯ ಮುಖವೂ ಸಣ್ಣದಾಗಲಿಲ್ಲ. ಅನಿಂದ್ಯಾ ಅನ್ನದ ಕೊನೆಯ ತುತ್ತು ಬಾಯಿಗಿಟ್ಟು, ಹಬೆಯಾಡುತ್ತಿದ್ದ ಕುಕ್ಕರಿನತ್ತ ನೋಡಿ, ಮೃದುವಾಗಿ ನಕ್ಕಳು.

"ಎಲ್ಲರೂ ಹೀಗೇ ಹೇಳ್ತಾರೆ ಅಜ್ಜಿ. ಪರವಾಗಿಲ್ಲ."

ಅಲ್ಲಿಂದ ಅವಳು ನೇರವಾಗಿ ಲಾಸ್ಮಿನಿಯ ಮನೆಗೆ ಹೋದಳು. ಅತಿಥಿ ಕೇರಿಯಲ್ಲಿ ಇನ್ನೂ ಇರುವಾಗ ಅವರ ಕಣ್ಣೆದುರು ಕುರ್ಚಿ ಹೊತ್ತುಕೊಂಡು ಹೋಗುವುದು ಹೇಗೆ? ಹಾಗಾಗಿ ಲಾಸ್ಮಿನಿಯ ನಡುಮನೆ ಖಾಲಿ; ಅಂಗಡಿಯ ಬಗ್ಗೆ ಟ್ಯಾಬಿನಲ್ಲಿ ಪ್ರಶ್ನೆ ಇರಲಿಲ್ಲ. ನಿಂತುಕೊಂಡೇ ಬರೆಯಬೇಕಾಗಿ ಬಂದ ಹುಡುಗಿಗೆ ಕುರ್ಚಿ ಪೊನಿರಾ ಅಜ್ಜಿಯ ಮನೆಯಲ್ಲಿವೆ ಎನ್ನಲು ಲಾಸ್ಮಿನಿಗೆ ಬಾಯಿ ಬರಲಿಲ್ಲ. "ನಾವು ಹೀಗೇ ಇದ್ದೀವಿ ಮಗಳೇ" ಎಂದಳು. ಸಾರ್ನಿಯ ಮನೆಯಲ್ಲಿ ಪ್ಲಾಸ್ಟಿಕ್ ಚೊಂಬಿನಲ್ಲಿ ಚಹಾ ಬಂತು. ಮುಖಂಡನ ಮನೆಗೆ ಸ್ವಂತ ವಾಹನ ಇಲ್ಲ ಎಂದು ದಾಖಲಾಯಿತು. ಮುಖಂಡ ಅದನ್ನು ಕೇಳಿಸಿಕೊಂಡು ಬರೀ ಕೆಮ್ಮಿದ.

ಪಟ್ಟಿಯನ್ನು ಸಭಾಮನೆಯ ಹಲಗೆಗೆ ಅಂಟಿಸಿದ ದಿನ ಅದನ್ನು ಓದಿದವರು ಯಾರೂ ಇನ್ನೊಬ್ಬರ ಮುಖ ನೋಡಲಿಲ್ಲ. ಬಡವರು: ಲಾಸ್ಮಿನಿ, ಸಾರ್ನಿ, ತುಕಿಜಾನ್. ಪೊನಿರಾ ಎಂಬ ಹೆಸರು ಮೇಲಿಂದ ಕೆಳಗಿನವರೆಗೆ ಎಲ್ಲೂ ಇರಲಿಲ್ಲ. ಅಂಗಡಿಯಲ್ಲಿ ಅಕ್ಕಿ ಮಾರುವವಳಿಗೆ ಸರಕಾರದ ಅಕ್ಕಿ ಚೀಲ ಬಂತು. ಅವಳು ಅದನ್ನು ಮೂರು ದಿನ ಮಂಚದ ಕೆಳಗೆ ಗೋಣಿ ಮುಚ್ಚಿ ಇಟ್ಟಳು.

"ಅಜ್ಜಿಗೆ ಕೊಟ್ಟುಬಿಡೋಣ" ಎಂದಳು ತುಕಿಜಾನ್ ಬಳಿ.

"ಚೀಲದ ಜೊತೆ ಬಂದ ಚೀಟಿ ಓದಿಲ್ವಾ? ಬೇರೆಯವರಿಗೆ ಕೊಟ್ರೆ ಅಪರಾಧ ಅಂತ ಇದೆ."

"ಅನ್ನ ಮಾಡಿ ಕೊಟ್ರೆ?"

ತುಕಿಜಾನ್ ಚೀಟಿಯ ಎರಡೂ ಮಗ್ಗುಲನ್ನು ಓದಿದ. ಅನ್ನದ ವಿಷಯ ಬರೆದಿರಲಿಲ್ಲ.

ಹಾಗೆ ಪೊನಿರಾ ಅಜ್ಜಿಯ ಮನೆಗೆ ಬಾಳೆಲೆ ಹಾಸಿದ ಬಿದಿರಿನ ಬುಟ್ಟಿಗಳಲ್ಲಿ ಅನ್ನ ಬರತೊಡಗಿತು. ಒಂದು ದಿನ ಲಾಸ್ಮಿನಿಯ ಬುಟ್ಟಿ, ಮರುದಿನ ಸಾರ್ನಿಯದು, ಅದರ ಮರುದಿನ ಮುಖಂಡನ ಹೆಂಡತಿಯದು. ಹಬ್ಬದ ಊಟ ಕಳಿಸುವಾಗ ಹೇಳುವ ಮಾತನ್ನೇ ಹೇಳಿ ಕೊಡುತ್ತಿದ್ದರು, "ಸ್ವಲ್ಪ ಮಾಡಿದ್ವಿ, ರುಚಿ ನೋಡಿ" ಎಂದು. ಬಂದ ಬುಟ್ಟಿ ಬರಿದಾಗಿ ಹಿಂದಿರುಗುವಂತಿಲ್ಲ. ಮೊದಲ ವಾರ ಅಜ್ಜಿ ಮೆಣಸಿನಕಾಯಿ ಹಾಕಿ ಕಳಿಸಿದಳು. ಗಿಡದ ಮೆಣಸಿನಕಾಯಿ ಮುಗಿಯಿತು. ಮರಗೆಣಸಿನ ಎಳೆಯ ಎಲೆ ಹಾಕಿದಳು, ಗಿಡ ಬೋಳಾಯಿತು. ಆಮೇಲೆ ಮೊಟ್ಟೆ. ವಾರಕ್ಕೆ ಏಳು ಬುಟ್ಟಿ, ಕೋಳಿ ಇಡುವುದು ಮೂರೋ ನಾಲ್ಕೋ. ಅನ್ನ ತಿಂದು ತಿಂದು ಅಜ್ಜಿ ಹಿಂದೆಂದಿಗಿಂತ ಬಡವಳಾದಳು. ಎರಡನೆಯ ತಿಂಗಳು ಲಾಸ್ಮಿನಿಯ ಬುಟ್ಟಿಯಲ್ಲಿ ಕಂದು ಕೋಳಿಯೇ ಕಾಲು ಕಟ್ಟಿಸಿಕೊಂಡು ಹೋಯಿತು. ಲಾಸ್ಮಿನಿ ಅದನ್ನು ನೋಡಿ ಅಂಗಡಿಯ ಹಿಂದೆ ಹೋಗಿ ಅತ್ತಳು, ಆದರೆ ಹಿಂದಕ್ಕೆ ಕೊಡಲಿಲ್ಲ. ಹಿಂದಕ್ಕೆ ಕೊಟ್ಟರೆ ಅಜ್ಜಿಯ ಮರ್ಯಾದೆ ಏನಾಗಬೇಕು?

ತುಕಿಜಾನ್ ಕಚೇರಿಗೆ ಪತ್ರ ಬರೆದ. ಪಟ್ಟಿ ಮುಚ್ಚಲು ಒಂಬತ್ತು ದಿನ ಇರುವಾಗ ಉತ್ತರ ಬಂತು: ಸೋಮವಾರ ಮರುಪರಿಶೀಲನೆ.

ಸೋಮವಾರ ಬೆಳಿಗ್ಗೆ ಅಜ್ಜಿ ನೆಲ ಗುಡಿಸುತ್ತಿದ್ದಳು. ಅಂಗಳದಲ್ಲಿ ಹೆಜ್ಜೆ ಸಪ್ಪಳವಾಯಿತು. ತಲೆಯೆತ್ತಿದರೆ ಲಾಸ್ಮಿನಿ, ಅವಳ ಹಿಂದೆ ಗಂಡ, ಅವನ ಎರಡೂ ಕೈಯಲ್ಲಿ ಎರಡೆರಡು ಕುರ್ಚಿ.

ಅಜ್ಜಿ ಪೊರಕೆ ಹಿಡಿದೇ ಬಾಗಿಲಿಗೆ ಅಡ್ಡ ಬಂದು ನಿಂತಳು.

"ಬೇಡ ಲಾಸ್ಮಿನಿ."

"ಅಲ್ಲ ಅಜ್ಜಿ, ಬರೋರು ವಯಸ್ಸಾದವರಂತೆ. ಮೊಣಕಾಲು ನೋವಿದ್ರೆ?"

"ಚಾಪೆ ಮೇಲೆ ಕೂತ್ಕೋತಾರೆ."

"ನಾಳೆ ಜನ ನನ್ನನ್ನ ಏನಂತಾರೆ? ಮನೇಲಿ ಕುರ್ಚಿ ಇಟ್ಕೊಂಡು ಪಕ್ಕದ ಮನೆಗೆ ಕೊಡಲಿಲ್ಲ ಅಂತಾರೆ."

"ಬೇಡ" ಎಂದಳು ಅಜ್ಜಿ ಮತ್ತೆ. ಅತಿಥಿಗೆ ಇಲ್ಲ ಎನ್ನುವುದು ಇದರ ಮುಂದೆ ಏನೂ ಅಲ್ಲ ಎನ್ನಿಸಿತು ಅವಳಿಗೆ. ಆ ಹುಡುಗಿ ಊಟ ಮಾಡಿ ಹೊರಟುಹೋದಳು. ಲಾಸ್ಮಿನಿ ನಾಳೆಯೂ ಇಲ್ಲೇ ಇರುತ್ತಾಳೆ, ಬಲ್ಬಿನ ವೈರೂ ಅವಳ ಮನೆಯಿಂದಲೇ ಬರುತ್ತದೆ.

ಲಾಸ್ಮಿನಿ ಕೆಂಪಾದಳು. ಗಂಡನಿಗೆ, "ಏನು ನಿಂತಿದ್ದೀರಾ ಕಂಬದ ಹಾಗೆ, ನಡೀರಿ" ಎಂದು ತಿರುಗಿದಳು. ಅಷ್ಟರಲ್ಲಿ ಸಾರ್ನಿ ಹುಲ್ಲಿನ ಕಟ್ಟು ಹಿಡಿದು ಬಂದಳು. ಅಜ್ಜಿ ಅವಳನ್ನು ನೋಡಿದಳು, ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನು ನೋಡಿದಳು.

"ಲೋಟ ಇರ್ಲಿ. ಚಹಾ ಅಂಗೈಯಲ್ಲಿ ಕೊಡೋಕಾಗಲ್ಲ."

ಬಂದವರ ಹೆಸರು ಮುರ್ಜಿತೊ; ಕೇರಿಯವರು ಅವರನ್ನು ಮರ್ಯಾದೆಗೆ ಪಾಕ್ ಎಂದರು. ನಿವೃತ್ತಿಗೆ ಹತ್ತಿರವಾದವರು, ಹೊಟ್ಟೆ ಸ್ವಲ್ಪ ಮುಂದೆ, ಕೈಯಲ್ಲಿ ಟ್ಯಾಬಿನ ಬದಲು ಕಾಗದದ ಕಟ್ಟು. ಚಾಪೆಯ ಮೇಲೆ ಕಾಲು ಮಡಚಿ ಕೂತು, ಮೊಣಕಾಲು ಒತ್ತಿಕೊಂಡು, ಸುತ್ತ ನೋಡಿದರು. ಮಣ್ಣಿನ ನೆಲ, ತಟ್ಟಿಯ ಗೋಡೆ, ಮೂಲೆಯಲ್ಲಿ ಒಂದು ಮಣೆ. ಲಾಸ್ಮಿನಿ ಮುನಿಸಿಕೊಂಡು ಹೋದವಳು ಎಲ್ಲಿಗೂ ಹೋಗಿರಲಿಲ್ಲ. ಸಾರ್ನಿ, ತುಕಿಜಾನ್ ಜೊತೆ ಬಾಗಿಲಲ್ಲೇ ಇದ್ದಳು.

"ಮೂರು ತಿಂಗಳ ಹಿಂದೆ ಇಲ್ಲಿ ಆರು ಕುರ್ಚಿ ಇತ್ತು ಅಂತ ಬರೆದಿದೆ" ಎಂದರು ಮುರ್ಜಿತೊ. "ಫ್ಯಾನು, ರೈಸ್ ಕುಕ್ಕರು. ಮೋಟಾರ್‌ಬೈಕಿನ ಫೋಟೋನೂ ಇದೆ. ಎಲ್ಲ ಎಲ್ಲಿಗೆ ಹೋಯ್ತು ಅಜ್ಜಿ?"

ಮುರ್ಜಿತೊ ಕಾಗದ ತಿರುಗಿಸಿ ಓದಿದರು. "ಕಾರಣ ಹೇಳ್ಬೇಕು. ಇಲ್ಲಿ ನಾಲ್ಕು ಕೊಟ್ಟಿದ್ದಾರೆ. ಮಾರಿದೆ. ಸುಟ್ಟಿದೆ. ಪ್ರವಾಹದಲ್ಲಿ ಕೊಚ್ಚಿಹೋಗಿದೆ. ಕಳವಾಗಿದೆ."

"ಪ್ರವಾಹನಾ?" ಎಂದ ತುಕಿಜಾನ್. "ನಮಗೆ ಕುಡಿಯೋಕೇ ನೀರಿಲ್ಲ ಪಾಕ್."

"ಕಾಗದ ಎಲ್ಲ ಜಿಲ್ಲೆಗೂ ಒಂದೇ."

ಅಜ್ಜಿ ಚಹಾದ ಲೋಟವನ್ನು ಅವರ ಮುಂದೆ ಇಟ್ಟಳು. ಕೈ ಹಿಂತೆಗೆಯಲಿಲ್ಲ; ಲೋಟವನ್ನು ಮುಟ್ಟಿಕೊಂಡೇ, ಬಾಗಿಲತ್ತ ನೋಡದೆ ಹೇಳಿದಳು.

"ಈ ಲೋಟ ಸಾರ್ನಿದು. ಆ ಕುರ್ಚಿ ನಾಲ್ಕು ಲಾಸ್ಮಿನಿದು, ಎರಡು ತುಕಿಜಾನಂದು. ಫ್ಯಾನು, ಕುಕ್ಕರು, ಅದರೊಳಗಿನ ಅನ್ನಾನೂ ಲಾಸ್ಮಿನಿದು. ಗಾಡಿ ತುಕಿಜಾನಂದು. ಮೊಟ್ಟೆ ಒಂದೇ ನಂದು."

ಬಾಗಿಲಲ್ಲಿ ಲಾಸ್ಮಿನಿ ತಲೆ ತಗ್ಗಿಸಿದಳು. ಕೇರಿಯಲ್ಲಿ ಕೇಳಬಾರದ ಮಾತನ್ನು ಎಲ್ಲರೂ ಕೇಳಿಯಾಗಿತ್ತು. ಅವಳ ಹಿಂದಿನಿಂದ ಸಾರ್ನಿಯ ದನಿ ಬಂತು.

"ಹೌದು ಪಾಕ್, ನನ್ನವೇ. ಆರರಲ್ಲಿ ಒಂದು ಅಂಚು ಮುಕ್ಕಾಗಿದೆ, ಅದೂ ಬರ್ಕೊಳ್ಳಿ."

ಮುರ್ಜಿತೊ ನಗಲಿಲ್ಲ. ಚಹಾ ಗುಟುಕರಿಸಿ, ಲೋಟದ ಹೂವನ್ನು ತಿರುಗಿಸಿ ನೋಡಿದರು. "ನಮ್ಮಮ್ಮನೂ ಹೀಗೇ ತರಿಸ್ತಿದ್ಲು" ಎಂದರು. "ಆದ್ರೆ ಎರವಲು ಅನ್ನೋಕೆ ಕಾಗದದಲ್ಲಿ ಜಾಗ ಇಲ್ಲ ಅಜ್ಜಿ."

"ಅಂಚಿನಲ್ಲಿ ಅಷ್ಟು ಬಿಳಿ ಇದೆಯಲ್ಲ. ಅಲ್ಲಿ ಬರೀರಿ."

"ಅಂಚಿನಲ್ಲಿ ಬರೆದದ್ದನ್ನ ಯಾರೂ ಓದಲ್ಲ."

"ನೀವು ಬರೀರಿ ಪಾಕ್. ಓದದೇ ಇದ್ರೆ ಅವರ ಪಾಪ."

ಅವರು ಬರೆದರು. ಆಮೇಲೆ ಅಜ್ಜಿಯದೇ ಆದದ್ದೇನು ಎಂದು ಒಂದೊಂದಾಗಿ ಕೇಳಿದರು. ಕುರ್ಚಿ? ಇಲ್ಲ. ಫ್ಯಾನು? ಇಲ್ಲ. ಕೋಳಿ? ಇತ್ತು, ಈಗ ಇಲ್ಲ. ಅಕ್ಕಿ? ಇಲ್ಲ. ಅವಳ ಬಾಯಿಗೆ ಮಾತು ಈಗ ಸಲೀಸಾಗಿ ಬರುತ್ತಿತ್ತು. ಎಲ್ಲ ಮುಗಿದ ಮೇಲೆ ಮುರ್ಜಿತೊ ಕಾರಣದ ಸಾಲಿಗೆ ವಾಪಸು ಬಂದರು. ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕದೆ ಕಾಗದವನ್ನು ಕಚೇರಿ ತೆಗೆದುಕೊಳ್ಳುವುದಿಲ್ಲ. ಮಾರಿದೆ ಎಂದರೆ ಬಂದ ಹಣ ಎಲ್ಲಿ ಎನ್ನುತ್ತಾರೆ. ಸುಟ್ಟಿದೆ ಎಂದರೆ ಬೂದಿಯ ಫೋಟೋ ಬೇಕು. ಅವರು ಕಳವಾಗಿದೆ ಎನ್ನುವುದರ ಎದುರು ಗುರುತು ಹಾಕಿದರು.

"ಯಾರೂ ಕದ್ದಿಲ್ಲ ಪಾಕ್" ಎಂದಳು ಅಜ್ಜಿ ಗಾಬರಿಯಾಗಿ.

"ಗೊತ್ತು ಅಜ್ಜಿ. ಅಂಚಿನಲ್ಲಿ ಇದೆಯಲ್ಲ."

ನಲವತ್ತು ದಿನಕ್ಕೆ ಅಜ್ಜಿಯ ಹೆಸರಿನ ಚೀಟಿ ಬಂತು, ಅದರ ಹಿಂದೆ ಅಕ್ಕಿಯ ಚೀಲ ಬಂತು. ಅಜ್ಜಿ ಆವತ್ತೇ ಅನ್ನ ಮಾಡಿದಳು. ಗಂಜಿಯ ವಾಸನೆ ಸೂರಿನಿಂದ ಹೊರಟು ಬೀದಿಗೆ ಬಂದಾಗ ಸಾರ್ನಿ ಬುಟ್ಟಿ ಹೊತ್ತು ಹೋಗುತ್ತಿದ್ದಳು. ಬಾಗಿಲಲ್ಲಿ ಸೊಪ್ಪು ಇಳಿಸಲಿಲ್ಲ. "ಬದನೆಕಾಯಿ ಬೇಕಾ ಅಜ್ಜಿ, ಗಟ್ಟಿ ಇದೆ" ಎಂದು ಗಿರಾಕಿಗೆ ಕೇಳುವ ಹಾಗೆ ಕೇಳಿದಳು. ಅಜ್ಜಿಗೆ ಅದರಿಂದ ಬಹಳ ಸಂತೋಷವಾಯಿತು.

ಲಾಸ್ಮಿನಿ ಮಾತ್ರ ಇಪ್ಪತ್ತು ದಿನ ಮಾತು ಬಿಟ್ಟಿದ್ದಳು. ಇಪ್ಪತ್ತೊಂದನೆಯ ದಿನ ಬುಟ್ಟಿಯಲ್ಲಿ ಕಂದು ಕೋಳಿಯನ್ನು ತಂದು, "ನಮ್ಮ ಕಾಳು ತಿನ್ನಲ್ಲ ಇದು, ತುಂಬ ಸೊಕ್ಕು" ಎಂದು ಅಂಗಳದಲ್ಲಿ ಬಿಟ್ಟುಹೋಗಿದ್ದಳು.

ಚೀಲ ಬಂದ ವಾರ ತುಕಿಜಾನ್ ಇನ್ನೊಂದು ಕಾಗದ ಹಿಡಿದು ಬಂದ. ಮುಖ ಒಂದು ಥರ ಆಗಿತ್ತು.

"ಅಜ್ಜಿ, ಪೊಲೀಸ್ ಠಾಣೆಯಿಂದ. ಕಚೇರಿಯವರೇ ದೂರು ಕಳಿಸಿದ್ದಾರಂತೆ. ನಿಮ್ಮ ಮೋಟಾರ್‌ಬೈಕು ಕಳವಾಗಿದೆಯಂತೆ, ಆರು ಕುರ್ಚಿ ಸಮೇತ. ಶುಕ್ರವಾರ ವಿಚಾರಣೆಗೆ ಬರ್ತಾರಂತೆ. ಗಾಡಿ ಫೋಟೋ ಹಾಕಿದ್ದಾರೆ, ನಂಬರೂ ಕಾಣಿಸ್ತಿದೆ." ಅವನು ಹಲಸಿನ ಮರದ ಕಡೆ ಕೈ ತೋರಿಸಿದ. "ಅದೇ ನಂಬರು."

ಅಜ್ಜಿ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು. ಕಾಗದವನ್ನು ಇಸಿದುಕೊಂಡು, ಓದಲು ಬಾರದಿದ್ದರೂ, ಮೊದಲು ಅದರ ನಾಲ್ಕೂ ಅಂಚುಗಳನ್ನು ನೋಡಿದಳು. ಎಲ್ಲ ಬಿಳಿಯಾಗಿತ್ತು.

"ಬರ್ಲಿ" ಎಂದಳು. "ಚಹಾ ಕೊಡೋಣ. ಲೋಟಕ್ಕೆ ಸಾರ್ನಿಗೆ ಹೇಳ್ತೀನಿ. ನೀನು ಮಾತ್ರ ಶುಕ್ರವಾರ ಆ ಗಾಡೀನ ನಮ್ಮಂಗಳದಲ್ಲಿ ನಿಲ್ಲಿಸ್ಬೇಡ."

"ನಮ್ಮನೇಲಿ ನಿಲ್ಲಿಸಿದ್ರೆ ನಾನೇ ಕಳ್ಳ ಆಗ್ತೀನಲ್ವಾ ಅಜ್ಜಿ?" ಎಂದ ತುಕಿಜಾನ್.

ಅವಳು ಸ್ವಲ್ಪ ಯೋಚಿಸಿದಳು. "ಹೌದಲ್ಲ" ಎಂದು ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು.